ರೊಟ್ಟಿ ಬಡಿದು ಕಲಿತ ಇಟಾಲಿಯನ್

ಹೊಟ್ಟೆಕಿಚ್ಚಿಗೆ ಜನ ಸೀರೆ ಕೊಳ್ಳುತ್ತಾರೆ, ಮನೆ ಕಟ್ಟಿಸುತ್ತಾರೆ. ನಾನು ಇಟಾಲಿಯನ್ ಕಲಿಯಲು ಕೂತೆ. ಭಾಲ್ಕಿಯ ನನ್ನ ನಾದಿನಿ ಐವತ್ತರ ಹೊಸ್ತಿಲಲ್ಲಿ ಕಾರು ಓಡಿಸಲು ಕಲಿತು, ಚಿದ್ರಿಯ ನಮ್ಮ ಮನೆ ಮುಂದೆಯೇ ತಂದು ನಿಲ್ಲಿಸಿ ಹಾರ್ನ್ ಬಾರಿಸಿದಳು. ತಡೆಯಲಾಗದೆ, "ನಾ ಇಟಾಲಿಯನ್ ಕಲೀಲತ್ತೀನಿ" ಅಂದುಬಿಟ್ಟೆ. "ಪಾಸಾದ್ರ ಹೇಳ್ರಿ ವೈನಿ, ಪೇಢಾ ತರ್ತೀನಿ" ಎಂದು ನಕ್ಕಳು. ಎಂಥಾ ನಗು ಅಂತೀರಿ! ಫೇಲಾದರೆ ಅದನ್ನು ಜೀವನಪೂರ್ತಿ ಕೇಳಬೇಕಿತ್ತು.

ಆನ್‌ಲೈನ್ ಕ್ಲಾಸಿನ ಮೊದಲ ಪರೀಕ್ಷೆಯೆಂದರೆ ಕ್ರಿಯಾಪದಗಳನ್ನು ಉಚ್ಚಾರದ ತುಂಡುಗಳಾಗಿ ಬಿಡಿಸಿ, ಯಾವ ತುಂಡನ್ನು ಒತ್ತಿ ಹೇಳಬೇಕೆಂದು ತೋರಿಸುವುದು. ಕನ್ನಡದಲ್ಲಿ ಈ ಕಾಟವನ್ನು ನಾನು ಕಂಡವಳಲ್ಲ. ಇಟಾಲಿಯನ್ನಿನಲ್ಲಿ 'ಮಾತಾಡುತ್ತೇವೆ' ಎನ್ನಲು ಪರ್-ಲ್ಯಾ-ಮೊ, ಒತ್ತು ನಡುವೆ. 'ಮಾತಾಡುತ್ತಾರೆ' ಎಂದರೆ ಪಾರ್-ಲ-ನೊ, ಒತ್ತು ಮೊದಲಿಗೆ ಓಡುತ್ತದೆ. 'ಮಾತಾಡುವೆನು' ಎಂದರೆ ಪರ್-ಲೆ-ರೋ, ಒತ್ತು ಕಟ್ಟಕಡೆಗೆ. "ಒತ್ತು ಬಂದಲ್ಲಿ ಜೋರಾಗಿ ಚಪ್ಪಾಳೆ ತಟ್ಟಿ" ಎಂದರು ಟೀಚರ್. ನನ್ನ ಕೈಗೆ ಬಿಡುವೆಲ್ಲಿ? ಜೋಳದ ರೊಟ್ಟಿ ಬಡಿಯುತ್ತಲೇ ಶುರು ಮಾಡಿದೆ. ಸಣ್ಣ ಏಟು, ದೊಡ್ಡ ಏಟು, ಸಣ್ಣ ಏಟು. ದೊಡ್ಡ ಏಟು ಬಿದ್ದಲ್ಲೆಲ್ಲ ರೊಟ್ಟಿ ಹರಿಯಿತು.

"ರೊಟ್ಟಿ ಬಡೀಲತ್ತಿದಿಯೋ, ಯಾರಿಗರ ಬಡೀಲತ್ತಿದಿಯೋ?" ಎಂದರು ಅತ್ತೆ. ನನ್ನ ಗಂಡ ಮಾತ್ರ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಅಂಚಿಗಿ ತೂತ ಬಿದ್ದದ. ಇವತ್ತ ಭವಿಷ್ಯತ್ಕಾಲ ಏನು?" ಎಂದು ಕೇಳಿ, ತಕರಾರಿಲ್ಲದೆ ತಿಂದರು.

ಪರೀಕ್ಷೆಯ ದಿನ ಮೊಬೈಲನ್ನು ತಂಬಿಗೆಗೆ ಒರಗಿಸಿ ಕೂತೆ. ಟೀಚರ್ ಮೊದಲ ಪದ ಕೊಟ್ಟರು. ನನ್ನ ಕೈ ಹಿಟ್ಟಿಗಾಗಿ ಬರಿ ನೆಲ ತಡಕಿತು. ಖಾಲಿ ಕೈಯಲ್ಲಿ ನನಗೆ ಇಟಾಲಿಯನ್ ಬರುವುದೇ ಇಲ್ಲ! ಅತ್ತೆಗೆ ಅದು ಅರ್ಥವಾಯಿತು. ಅಡುಗೆಮನೆಯಿಂದ ಹಿಟ್ಟಿನ ಪರಾತ ತಂದು ನನ್ನ ಮುಂದೆ ಸರಿಸಿ, "ಮಗಳು ನಂದೇ ಖರೆ, ಆದ್ರ ಕಾರ್ ಕಲ್ತಾಗಿಂದ ಭಾಳ ಮೆರೀಲತ್ತಾಳ. ನೀ ಬಡಿ!" ಎಂದು ಪಿಸುಗುಟ್ಟಿದರು. ಬಡಿದೆ. ಒಂದೊಂದು ಒತ್ತಿಗೂ ಮೊಬೈಲು ಜಿಗಿಯಿತು, ಮೂಗಿಗೆ ಹಿಟ್ಟು ಹಾರಿತು. ಒಂದೂ ತಪ್ಪಲಿಲ್ಲ.

"ಪಾಸ್!" ಎಂದರು ಟೀಚರ್. ನಾನೂ ಅತ್ತೆಯೂ ಹಿಟ್ಟಿನ ಕೈಯಲ್ಲೇ ಅಪ್ಪಿಕೊಂಡೆವು. ಟೀಚರಿಗೂ ಹುರುಪು ಬಂದು, ಇಟಾಲಿಯನ್ನಿನಲ್ಲೇ ಏನೋ ಉದ್ದವಾಗಿ ಕೇಳಿ, ಉತ್ತರಕ್ಕೆ ಕಾದು ಕೂತರು.

"ಏನ್ ಕೇಳ್ಲತ್ತಾರ?" ಎಂದರು ಅತ್ತೆ.

"ಕೊನೀ ಮಾತಿಗಿ ನಡುವ ಒತ್ತು ಅದರಿ ಅತ್ತಿ" ಎಂದೆ. ಅದಕ್ಕಿಂತ ಹೆಚ್ಚು ನನಗೆ ಇವತ್ತಿಗೂ ಗೊತ್ತಿಲ್ಲ.