ಉಪಾಧ್ಯಕ್ಷರು ರಸ್ತೆ ದಾಟಿದ್ದು

ಹೋರಸ್ ಪಿಂಕ್ನಿ ಅಮೆರಿಕದ ಉಪಾಧ್ಯಕ್ಷ ಪದವಿಗೆ ನಿಂತದ್ದಕ್ಕೆ ಕಾರಣ ಅವನ ಯೋಗ್ಯತೆಯಲ್ಲ, ಅವನ ಮನೆಯಿದ್ದ ಜಾಗ. ಹಾಲ್‌ಫೋರ್ಡಿನ ದೊಡ್ಡ ಬೀದಿಯೇ ಎರಡು ರಾಜ್ಯಗಳ ಗಡಿ. ಆ ಮಗ್ಗುಲು ಇಂಡಿಯಾನಾ, ಈ ಮಗ್ಗುಲು ಒಹಾಯೊ. 'ಮನೆಗೊಂದು ಹಂದಿ' ಪಕ್ಷದವರೆಲ್ಲ ಆ ಮಗ್ಗುಲಿನವರು. ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರೂ ಒಂದೇ ರಾಜ್ಯದವರಾದರೆ ಆ ರಾಜ್ಯದ ಮತಕ್ಕೆ ಕುತ್ತು ಬರುತ್ತದೆಂದು ಕಾನೂನಿದೆಯಲ್ಲ, ಹಾಗಾಗಿ ಎದುರಿಗೆ, ಒಹಾಯೊದ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ ಹೋರಸನನ್ನು ಎಬ್ಬಿಸಿ ನಿಲ್ಲಿಸಿದರು. ಸುಮ್ಮನೆ ಕೂರದೆ ಅವನಿಗೆ ಬೇರೆ ಗತಿಯಿರಲಿಲ್ಲ. ಪಿಯಾನೋ ಶ್ರುತಿ ಮಾಡುವುದು ಅವನ ಕಸುಬು. ಬ್ಯಾಂಕು ಮುಳುಗಿ, ಕಾರ್ಖಾನೆ ಮುಚ್ಚಿ, ಜನ ಪಿಯಾನೋವನ್ನೇ ಒಡೆದು ಒಲೆಗೆ ಹಾಕುತ್ತಿದ್ದ ಮೂವತ್ತೆರಡನೇ ಇಸವಿಯಲ್ಲಿ ಶ್ರುತಿ ಯಾರಿಗೆ ಬೇಕು?

ಅಕ್ಟೋಬರಿನ ಆ ಬೆಳಿಗ್ಗೆ ಕೋರ್ಟಿನ ಗುಮಾಸ್ತ ಸ್ಟಬ್ಸ್ ಬಾಗಿಲು ತಟ್ಟಿದ.

"ಕೋರ್ಟಿನ ನೆಲಮಾಳಿಗೇಲಿ ಕಲ್ಲಿದ್ದಲ ಒಲೆ ನೋಡ್ಕೊಳ್ಳೋ ಕೆಲಸ ನಿನಗೇ ಕೊಡೋಣ ಅಂತಿದೀವಿ. ಆದ್ರೆ ಚುನಾವಣೆಗೆ ನಿಂತೋರಿಗೆ ಕೊಡೋ ಹಾಗಿಲ್ಲ. ಸಂಜೆ ಐದರೊಳಗೆ ಆ ಉಮೇದುವಾರಿಕೆ ಕಳಚ್ಕೊಂಡು ಬಾ."

ಹೋರಸನ ಹೆಂಡತಿ ಲುಟಿ ಟರ್ನಿಪ್ ಗೆಡ್ಡೆ ಹೆಚ್ಚುತ್ತಿದ್ದಳು. ಬೇಸಿಗೆಯಿಂದ ಆ ಮನೆಯಲ್ಲಿ ಬೆಂದದ್ದು ಅದೊಂದೇ. "ನೀನಿಲ್ದೇ ಇದ್ರೂ ದೇಶ ನಡಿಯತ್ತೆ ಹೋರಸ್. ಈ ಕೆಲಸ ಇಲ್ದೇ ಮನೆ ನಡಿಯಲ್ಲ. ಎದ್ದು ಹೋಗು," ಎಂದಳು.

ಹೋರಸ್ ರಸ್ತೆ ದಾಟಿ ಹಲ್ಲಿನ ಡಾಕ್ಟರ್ ಬ್ಯಾಬ್‌ಕಾಕರ ಬಳಿ ಹೋದ. ಪಕ್ಷದ ಅಧ್ಯಕ್ಷ ಅಭ್ಯರ್ಥಿ ಇವರೇ. ಊರಿನವರು ನೋಯುವ ಹಲ್ಲನ್ನು ದಾರ ಕಟ್ಟಿ ಬಾಗಿಲಿಗೆ ಸಿಕ್ಕಿಸಿ ಕೀಳತೊಡಗಿದ ಮೇಲೆ, ಡಾಕ್ಟರು ರೋಗಿಗಳ ಕುರ್ಚಿಯಲ್ಲಿ ತಾವೇ ಮಲಗುತ್ತಿದ್ದರು.

"ರಾಜೀನಾಮೆನಾ? ಅದನ್ನ ಅಂಗೀಕರಿಸೋ ಪದ್ಧತಿ ನಮ್ಮಲ್ಲಿಲ್ಲ," ಎಂದರು ಡಾಕ್ಟರು. "ಅಂದಹಾಗೆ ಯಾವ ಕೆಲಸ? ಒಲೇದಾ? ಅಲ್ಲಿ ಬೆಚ್ಚಗಿರತ್ತಾ?"

"ಚಳಿಗಾಲ ಪೂರ್ತಿ ಡಾಕ್ಟ್ರೇ."

ಡಾಕ್ಟರು ತಮ್ಮ ತಣ್ಣನೆಯ ಒಲೆಯನ್ನು ಒಮ್ಮೆ ನೋಡಿದರು. "ಒಂದು ದಾರಿ ಇದೆ ಕಣಯ್ಯಾ. ಈ ಕಡೆ ಬಂದು ನೆಲೆಸಿಬಿಡು. ನೀನೂ ಇಂಡಿಯಾನಾದೋನಾದ್ರೆ ನಮಗೆ ಬೇಡವಾಗ್ತೀಯ. ಹಾಸಿಗೆ ತಂದು ನಿಮ್ಮ ಅತ್ತೆ ಮನೇಲಿ ಹಾಕು, ಮುಗೀತು."

ಹೋರಸನಿಗೆ ಕಣ್ತುಂಬಿ ಬಂತು. ಇಂಥ ದೊಡ್ಡ ಮನುಷ್ಯರು ದೇಶ ಆಳಬೇಕು ಅನ್ನಿಸಿತು.

ಬೀದಿಯಲ್ಲಿ ಯಾರಿಗೂ ಕೆಲಸವಿರಲಿಲ್ಲವಾದ್ದರಿಂದ ಒಂದು ಹಾಸಿಗೆ ಹೊರಲು ಎರಡೂ ರಾಜ್ಯದವರು ಮುಗಿಬಿದ್ದರು. ಅದನ್ನು ಅತ್ತೆಯ ಜಗಲಿಗೆ ತಂದು ಹಾಕಿದ ಮೇಲೆ ತಕರಾರು ಎದ್ದಿತು.

"ಹಾಸಿಗೆ ತಂದ್ರಾಯ್ತಾ? ಮಲಗಿ ನಿದ್ದೆ ಮಾಡಿದ್ರೇನೇ ನೆಲೆಸಿದ ಹಾಗೆ," ಎಂದ ಹಜಾಮ.

"ಹಾಗಾದ್ರೆ ಮಲಗಿ ಅಳಿಯಂದ್ರೇ," ಎಂದರು ಅತ್ತೆ.

ಹೋರಸ್ ಮಲಗಿದ. ಸುತ್ತ ಜನ, ಸಂತೆಗೆ ಬಂದ ಕರುವನ್ನು ನೋಡುವಂತೆ ನೋಡುತ್ತಿದ್ದರು. ಅವನು ಕಣ್ಣು ಮುಚ್ಚಿದರೆ "ನಾಟಕ, ರೆಪ್ಪೆ ಆಡ್ತಿದೆ" ಎನ್ನುವರು. ಯಾರೋ ಜೋಗುಳ ಹಾಡಿದರು, ಅಪಸ್ವರ ಕೇಳಲಾರದೆ ಅವನು ಎದ್ದು ಕೂತು ತಿದ್ದಿದ. ಕೊನೆಗೆ ಪಾದ್ರಿಗಳು ಭಾನುವಾರದ ಉಪದೇಶವನ್ನು ಮತ್ತೆ ಶುರುಮಾಡಿದರು, ಅದು ಎಂದೂ ಕೈಕೊಟ್ಟದ್ದಿಲ್ಲ. ಹೋರಸ್ ಗೊರಕೆ ಹೊಡೆದ. ಜೊತೆಗೆ ಹಜಾಮನೂ ಹೊಡೆದ.

ಎಚ್ಚರವಾದಾಗ ಐದಕ್ಕೆ ಸ್ವಲ್ಪವೇ ಬಾಕಿಯಿತ್ತು. ಹೋರಸ್ ಬೂಟಿನ ದಾರವನ್ನೂ ಕಟ್ಟದೆ ಕೋರ್ಟಿಗೆ ಓಡಿದ.

"ಕಳಚ್ಕೊಂಡೆ ಸ್ಟಬ್ಸ್," ಎಂದು ಏದುಸಿರು ಬಿಟ್ಟ. "ನಾನೀಗ ಉಪಾಧ್ಯಕ್ಷನೂ ಅಲ್ಲ, ಏನೂ ಅಲ್ಲ. ಇಂಡಿಯಾನಾದೋನು."

ಸ್ಟಬ್ಸ್ ಕನ್ನಡಕ ತೆಗೆದ. "ಅಯ್ಯೋ ಪುಣ್ಯಾತ್ಮ. ಇದು ಒಹಾಯೊದ ಕೋರ್ಟು, ಕೆಲಸ ಒಹಾಯೊದೋರಿಗೆ. ನೀನು ಹುಟ್ಟಿದಾಗಿಂದ ಇಲ್ಲೇ ಇದ್ದೆಯಲ್ಲ ಅಂತ ನಾನು ಬಾಯಿಬಿಟ್ಟು ಹೇಳ್ಲಿಲ್ಲ. ಈಗಷ್ಟೇ ಇನ್ನೊಬ್ಬರನ್ನ ಇಟ್ಕೊಂಡೆ."

ನೆಲಮಾಳಿಗೆಯಲ್ಲಿ ಅಂಗಿಯ ತೋಳು ಮಡಚಿ ಕಲ್ಲಿದ್ದಲು ಎತ್ತಿಹಾಕುತ್ತಿದ್ದವರು ಡಾಕ್ಟರ್ ಬ್ಯಾಬ್‌ಕಾಕ್.

"ನಿಮ್ಮನೇಲಿ ನೀನು ಮಲಗೋ ಕೋಣೆ ಖಾಲಿಯಾಯ್ತಲ್ಲ, ನಾನೂ ನನ್ನ ಹೆಂಡ್ತೀನೂ ಬಾಡಿಗೆಗೆ ಹಿಡಿದ್ವಿ. ಮಧ್ಯಾಹ್ನ ಅಲ್ಲೇ ಒಂದು ನಿದ್ದೇನೂ ಮಾಡ್ದೆ," ಎಂದರು ಡಾಕ್ಟರು.

"ನೀವು ಚುನಾವಣೆಗೆ ನಿಂತಿದೀರಲ್ಲಾ?"

"ರಾಜೀನಾಮೆ ಕೊಟ್ಟೆ."

"ಅಂಗೀಕರಿಸೋ ಪದ್ಧತಿ ಇಲ್ಲ ಅಂದ್ರಿ."

"ಬೇರೆಯೋರದ್ದು ಇಲ್ಲ ಕಣಯ್ಯಾ. ನಂದನ್ನ ನಾನೇ ಅಂಗೀಕರಿಸ್ಕೊಂಡೆ."

ಹೋರಸನಿಗೆ ಅಳು ಬಂತು. ಹಾಸಿಗೆ ಹೊತ್ತು ಮನೆಗೆ ಹೋಗಿಬಿಡುವುದೆಂದು ಅತ್ತೆಯ ಜಗಲಿಗೆ ಬಂದರೆ, ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷ ಅಭ್ಯರ್ಥಿಯ ಜಾಗ ಖಾಲಿಯಾಗಿತ್ತು. ಇಂಡಿಯಾನಾದವರ ಪೈಕಿ ಚುನಾವಣೆಗೆ ನಿಂತ ಅನುಭವವಿದ್ದವನು ಈಗ ಹೋರಸನೊಬ್ಬನೇ, ಅವನನ್ನೇ ಆರಿಸಿದ್ದರು.

"ನನಗೇನೂ ಬೇಡ. ಮನೆಗೆ ಹೋಗ್ತೀನಿ," ಎಂದು ಅವನು ಹಾಸಿಗೆ ಸುತ್ತತೊಡಗಿದ.

ಅತ್ತೆ ಹಾಸಿಗೆಯ ಮೇಲೆ ಕೂತುಬಿಟ್ಟರು. "ಹೋಗೋ ಹಾಗಿಲ್ಲ. ನೀವು ಆ ಕಡೆ ಉಂಡು ಒಂದು ನಿದ್ದೆ ಹೊಡೆದ್ರೆ ಎಲ್ಲಾ ಕೆಟ್ಟುಹೋಗತ್ತೆ. ಹೊಸ ಉಪಾಧ್ಯಕ್ಷರು ಇರೋದು ಅಲ್ಲೇ."

"ಯಾರದು?"

ಎದುರು ಮನೆಯ ಬಾಗಿಲಲ್ಲಿ ಲುಟಿ ಕಾಣಿಸಿಕೊಂಡಳು. ಎರಡು ಕೈಯಲ್ಲೂ ತಬ್ಬಿಹಿಡಿಯುವಷ್ಟು ದೊಡ್ಡ ಹಂದಿತೊಡೆ ಅವಳ ಬಳಿಯಿತ್ತು. "ಒಪ್ಕೊಂಡ್ರೆ ಇದನ್ನ ಕೊಡ್ತೀವಿ ಅಂದ್ರು ಹೋರಸ್. ನೀನು ನಿಂತಾಗ ಏನೂ ಕೇಳೇ ಇರಲಿಲ್ವಂತೆ," ಎಂದು ಕೂಗಿ ಹೇಳಿದಳು.

ಸಂಜೆ ಒಹಾಯೊದಿಂದ ಹುರಿದ ಮಾಂಸದ ಘಮ ಯಾವ ಕಾನೂನಿಗೂ ಹೆದರದೆ ರಸ್ತೆ ದಾಟಿ ಬಂತು. ಹೋರಸ್ ಕೂತಲ್ಲೇ ಮೂಗು ಅರಳಿಸಿದ. ಒಳಗಿನಿಂದ ಅತ್ತೆ ಕರೆದರು:

"ಅಧ್ಯಕ್ಷರೇ, ಬನ್ನಿ. ಟರ್ನಿಪ್ ಬೆಂದಿದೆ."