ಚಿಕ್ಕಪ್ಪನ ಸ್ವಿಟ್ಜರ್ಲೆಂಡ್ ವಾಸ

ನಮ್ಮ ಚಿಕ್ಕಪ್ಪ ಮೊನ್ನೆ ಮೊನ್ನೆಯವರೆಗೂ ಸ್ವಿಟ್ಜರ್ಲೆಂಡಿನಲ್ಲಿ ವಾಸವಾಗಿದ್ದರು. ಅದೂ ಮೈಸೂರಿನ ಯಾದವಗಿರಿಯ ಮನೆಯಿಂದ ಮೇಟಗಳ್ಳಿಯ ತಮ್ಮ ಸಣ್ಣ ಕಾರ್ಖಾನೆಗೆ ಸ್ಕೂಟರಿನಲ್ಲಿ ಓಡಾಡಿಕೊಂಡೇ! ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ, ಮೈಮೇಲೊಂದು ಸ್ವೆಟರ್ ಕೂಡ ಇಲ್ಲ. ಅದು ಹೇಗೆ ಅಂತೀರಾ?

ಅವರ ಒಬ್ಬಳೇ ಮಗಳು ಪುಟ್ಟಿ ಹೋದ ವರ್ಷ ಅಲ್ಲಿನ ಒಂದು ಅಂತರರಾಷ್ಟ್ರೀಯ ವಸತಿ ಶಾಲೆಗೆ ಸೇರಿದಳು. ಅವಳನ್ನು ವಿಮಾನ ಹತ್ತಿಸಿ ಬಂದ ದಿನವೇ ಚಿಕ್ಕಪ್ಪ ಹಜಾರದ ಗಡಿಯಾರವನ್ನು ಆ ದೇಶದ ಹೊತ್ತಿಗೆ ತಿರುಗಿಸಿಟ್ಟರು. ಅದರ ಕೆಳಗೆ ಮಗಳ ಶಾಲೆಯ ವೇಳಾಪಟ್ಟಿ ಅಂಟಿಸಿದರು. ಅವಳು ಎದ್ದಾಗ ಇವರು ಏಳುವುದು, ಅವಳು ಉಂಡಾಗ ಇವರು ಉಣ್ಣುವುದು. ಮೈಸೂರಿನಲ್ಲಿ ಎಷ್ಟು ಗಂಟೆ ಎಂದು ತಿಳಿಯಬೇಕಾದವರು ಬಚ್ಚಲುಮನೆಗೆ ಹೋಗಬೇಕು. ಊರಿನ ಹೊತ್ತು ತೋರಿಸುವ ಗಡಿಯಾರವನ್ನು ಅಲ್ಲಿಗೆ ಗಡೀಪಾರು ಮಾಡಲಾಗಿತ್ತು!

ನಾನು ಓದಿಗಾಗಿ ಅವರ ಮನೆಯಲ್ಲೇ ಇದ್ದೇನೆ. ನನ್ನದು ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವ ಕಾಲೇಜು. ನನ್ನ ವೇಳಾಪಟ್ಟಿಯನ್ನು ಯಾರೂ ಯಾವ ಗೋಡೆಗೂ ಅಂಟಿಸಿಲ್ಲ. ಅದಕ್ಕೇ ಇರಬೇಕು, ನನ್ನ ಡೈರಿಯ ಹಿಂದಿನ ಪುಟಗಳಲ್ಲಿ ಚಿಕ್ಕಪ್ಪನ ಹುಚ್ಚಾಟಗಳಿಗೆಂದೇ ತಾರೀಖು ಸಮೇತ ಒಂದು ಲೆಕ್ಕ ಇಟ್ಟೆ. ಅತಿ ಹೆಚ್ಚು ಗೀಟು ಬಿದ್ದಿರುವುದು ‘ಕಾದು ಕಾದು ಕಲ್ಲಾದ ಇಡ್ಲಿ’ ಎಂಬ ತಲೆಬರಹದ ಕೆಳಗೆ.

ಈ ಬೇಸಿಗೆಯಲ್ಲಿ ಇಲವಾಲದ ನೆಂಟರ ಮದುವೆಗೆ ಹೋದೆವು. ಒಂದು ಗಂಟೆಗೆ ಎಲೆ ಹಾಕಿದರು. ಚಿಕ್ಕಪ್ಪ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

“ಯಾಕ್ಲಾ, ಒಬ್ಬಟ್ಟು ಸೇರಕ್ಕಿಲ್ವಾ?” ಎಂದು ಅವರ ಸೋದರತ್ತೆ ಕೇಳಿದರು.

“ಈಗ ಅಲ್ಲಿ ಒಂಬತ್ತೂವರೆ ಕಣತ್ತೆ. ಮಗೂಗೆ ಲೆಕ್ಕದ ಕ್ಲಾಸು. ಅದು ಅಲ್ಲಿ ಲೆಕ್ಕ ಮಾಡ್ತಾ ಕೂತಿರುವಾಗ ನಾನಿಲ್ಲಿ ಒಬ್ಬಟ್ಟು ತಿನ್ನಾದಾ?”

“ಲೆಕ್ಕ ಮಾಡೋಳು ಅವ್ಳು. ನಿನ್ ಹೊಟ್ಟೆ ಏನ್ ತೆಪ್ಪು ಮಾಡ್ತು?”

ಮಗಳ ಊಟದ ಗಂಟೆ ಹೊಡೆದಾಗ ಇಲ್ಲಿ ನಾಲ್ಕು. ಅಡುಗೆಯವರು ಪಾತ್ರೆ ತೊಳೆದು ಮಗುಚಿಟ್ಟಿದ್ದರು. ಚಿಕ್ಕಪ್ಪ ತಾಂಬೂಲದ ಚೀಲದಲ್ಲಿದ್ದ ಎರಡು ಬಾಳೆಹಣ್ಣು ತಿಂದು, ತೆಂಗಿನಕಾಯಿಯನ್ನು ಒಮ್ಮೆ ಆಸೆಯಿಂದ ನೋಡಿದರು.

ಬುಧವಾರದ್ದು ಇನ್ನೊಂದು ಕಥೆ. ಅವತ್ತು ಆ ಶಾಲೆಯ ಮಕ್ಕಳು ಸಮಾಜಸೇವೆ ಮಾಡಬೇಕಂತೆ. ಸರಿ, ಚಿಕ್ಕಪ್ಪನೂ ಪೊರಕೆ ಹಿಡಿದು ಪಕ್ಕದ ಮನೆಯ ಕಾಂಪೌಂಡಿಗೆ ನುಗ್ಗಿ ತರಗೆಲೆ ಗುಡಿಸತೊಡಗಿದರು. ಆ ಮನೆಯ ಯಜಮಾನರು ನಿವೃತ್ತ ಪ್ರೊಫೆಸರ್. ಬಾಗಿಲಲ್ಲಿ ನಿಂತು ಕಾಫಿ ಹೀರುತ್ತಾ ಎಲ್ಲವನ್ನೂ ಗಮನವಿಟ್ಟು ನೋಡಿದರು. ಮುಗಿದ ಮೇಲೆ, “ಚೊಕ್ಕಟವಾಗಿದೆ ಕಣ್ರೀ. ಹಿಂದುಗಡೆ ಸೀಬೆಮರದ ಕೆಳಗೂ ತುಂಬಾ ಬಿದ್ದಿದೆ, ಮುಂದಿನ ಬುಧವಾರ ಮರೀಬೇಡಿ” ಎಂದರು. ಇವರು ಮರೆಯಲೂ ಇಲ್ಲ!

ಇಷ್ಟೆಲ್ಲ ತಪಸ್ಸು ಮಾಡಿದ್ದಕ್ಕೆ ವರ ಸಿಗುತ್ತಿದ್ದುದು ಭಾನುವಾರ, ಫೋನಿನಲ್ಲಿ. ಚಿಕ್ಕಪ್ಪ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂರುತ್ತಿದ್ದರು. ಪ್ರಶ್ನೆ ಪ್ರತಿ ವಾರವೂ ಒಂದೇ.

“ಇವತ್ತು ಏನೇನಿದೆ ಮಗಳೇ?”

ಅವಳು ಒಂದೇ ಉಸಿರಿಗೆ ಶುರು ಮಾಡುತ್ತಿದ್ದಳು. “ಈಗ ಕಾಯರ್ ಹಾಡು ಅಪ್ಪಾ, ಆಮೇಲೆ ಕತ್ತಿವರಸೆ, ಅದಾದ್ಮೇಲೆ ಡಿಬೇಟು, ನಾಟಕದ ಪ್ರಾಕ್ಟೀಸು, ನಾಳೆಗೆ ಎರಡು ಅಸೈನ್‌ಮೆಂಟು... ಅಯ್ಯೋ, ಬೆಲ್ಲಾಯ್ತು, ಫೋನ್ ಇಡ್ಲಾ?”

ಇಟ್ಟೇಬಿಡುತ್ತಿದ್ದಳು. ನಮ್ಮ ಕುಕ್ಕರ್ ಮೂರನೇ ಸಲ ಕೂಗುವವರೆಗೆ ಆ ಮಾತುಕತೆ ಬಾಳಿದ ದಾಖಲೆ ನನ್ನ ಡೈರಿಯಲ್ಲಿಲ್ಲ. ಚಿಕ್ಕಪ್ಪನಾದರೋ ಆರಿದ ಫೋನನ್ನೇ ನೋಡುತ್ತಾ, “ಬಿಜಿ ಕಣಮ್ಮ! ಉಸಿರಾಡಕ್ಕೂ ಪುರುಸೊತ್ತಿಲ್ಲ ಮಗೂಗೆ!” ಎಂದು ಎದೆಯುಬ್ಬಿಸುತ್ತಿದ್ದರು. ಹಜಾರದಲ್ಲಿ ನಾನೊಬ್ಬಳೇ ಇದ್ದರೂ ತುಂಬಿದ ಸಭೆಗೆ ಹೇಳಿದಂತೆ.

“ಒಂದ್ಸಲ ರಜಕ್ಕೆ ಬರ್ಲಿ, ಕೂತ್ಕೊಂಡು ನಿಧಾನವಾಗಿ ಮಾತಾಡ್ತೀನಿ” ಎಂದೂ ಸೇರಿಸುತ್ತಿದ್ದರು. ಆ ಮಾತಿಗೂ ನನ್ನಲ್ಲಿ ಗೀಟುಗಳಿವೆ.

ಕೊನೆಗೂ ಪುಟ್ಟಿ ಬಂದಳು. ಹತ್ತೇ ದಿನದ ಮಟ್ಟಿಗೆ. ಆಮೇಲೆ ಅದೆಂಥದೋ ಬೇಸಿಗೆ ಶಿಬಿರವಂತೆ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಮನೆಯವರೆಗೆ ಕಾರಿನಲ್ಲಿ ಅಪ್ಪನ ಹೆಗಲಿಗೊರಗಿ ನಿದ್ದೆ ಹೊಡೆದಳು, ಮನೆಗೆ ಬಂದವಳೇ ಹಾಸಿಗೆಗೆ ಬಿದ್ದಳು. ಚಿಕ್ಕಪ್ಪ ನಮಗೆಲ್ಲ ಅಪ್ಪಣೆ ಕೊಟ್ಟರು. “ಮಗು ಆ ದೇಶದ ಹೊತ್ತಿಗೇ ಏಳಾದು. ಹತ್ತು ಗಂಟೆವರೆಗೂ ಯಾರೂ ಪಾತ್ರೆ ಸದ್ದು ಮಾಡ್ಬೇಡಿ. ನಾನೂ ಅವಳ ಜೊತೇಲೇ ಏಳ್ತೀನಿ.”

ಮಾರನೆಯ ಬೆಳಿಗ್ಗೆ ಆರೂವರೆಗೆ ನಾನು ಅಡುಗೆಮನೆಗೆ ಹೋದರೆ, ಚಿಕ್ಕಮ್ಮನ ಪಕ್ಕದಲ್ಲಿ ಪುಟ್ಟಿ ಕಟ್ಟೆಯ ಮೇಲೆ ಹತ್ತಿ ಕೂತಿದ್ದಾಳೆ!

“ಒಂದು ವಾರದಿಂದ ಅಲ್ಲಿ ಮೂರು ಗಂಟೆಗೇ ಎದ್ದು ಅಭ್ಯಾಸ ಮಾಡ್ದೆ ಅಕ್ಕಾ” ಎಂದಳು. “ಮುಂಚೆ ಅಪ್ಪ ಆರೂವರೆಗೆ ಕಾಫಿ ಕುಡೀತಿದ್ರಲ್ಲ, ಜೊತೇಲಿ ಕುಡಿಯೋಣ ಅಂತ. ಅಪ್ಪ ಎಲ್ಲಿ?”

ಚಿಕ್ಕಮ್ಮ ಉಕ್ಕುತ್ತಿದ್ದ ಹಾಲಿನಿಂದ ಕಣ್ಣು ತೆಗೆಯದೆ ಹೇಳಿದರು. “ಸ್ವಿಟ್ಜರ್ಲೆಂಡಲ್ಲಿ.”

ನಾನು ಒಂದು ವರ್ಷದ ಕಥೆಯನ್ನೆಲ್ಲ ಹೇಳಿದೆ. ಬಾಳೆಹಣ್ಣಿಗೆ ನಕ್ಕಳು, ಪೊರಕೆಗೆ ನಕ್ಕಳು. ನಗುತ್ತಲೇ ಹಜಾರಕ್ಕೆ ಬಂದವಳು ಗಡಿಯಾರದ ಮುಂದೆ ನಿಂತುಬಿಟ್ಟಳು. ಅದರಲ್ಲಿ ಮೂರು ಗಂಟೆ ದಾಟಿತ್ತು. ಆಮೇಲೆ ನಗಲಿಲ್ಲ. ಸ್ಟೂಲು ಎಳೆದು ಹತ್ತಿ, ಗಡಿಯಾರವನ್ನು ಇಳಿಸಿ, ಮುಳ್ಳನ್ನು ಸುತ್ತಿಸಿ ಸುತ್ತಿಸಿ ಮೈಸೂರಿಗೆ ತಂದಳು.

ನಂತರ ಕಾಫಿ ತೆಗೆದುಕೊಂಡು ಅಪ್ಪನ ಕೋಣೆಗೆ ಹೋಗಿ, ಬಸ್ಸಿನಲ್ಲಿ ಪಕ್ಕದವರನ್ನು ಎಬ್ಬಿಸುವಂತೆ ಮೆಲ್ಲಗೆ ತೋಳು ಅಲುಗಿಸಿದಳು.

“ಅಪ್ಪಾ, ಏಳಪ್ಪಾ. ಊರು ಬಂತು.”

ಚಿಕ್ಕಪ್ಪ ಕಣ್ಣುಜ್ಜಿಕೊಂಡರು. ಎದುರಿಗೆ ಮಗಳು. ತಡವಾಯಿತೇನೋ ಎಂದು ಗಾಬರಿಯಿಂದ ಎದ್ದು ಕೂತು, ಕೆದರಿದ ತಲೆಯಲ್ಲೇ, ಅಭ್ಯಾಸಬಲದಿಂದ ಕೇಳಿದರು.

“ಇವತ್ತು ಏನೇನಿದೆ ಮಗಳೇ?”

ಪುಟ್ಟಿ ಅವರ ಕೈಗೆ ಕಾಫಿ ಲೋಟ ಕೊಟ್ಟು, ಹಾಸಿಗೆಯ ಮೇಲೆ ಕಾಲು ಮಡಚಿ ಕೂತಳು.

“ಏನೂ ಇಲ್ಲ ಅಪ್ಪಾ.”