ಮಧ್ಯದ ಶೆಲ್ಫಿನ ಗಾಗಲ್

ಇಷ್ಟಕ್ಕೆಲ್ಲ ಮೂಲ ಆ ಹಳೆಯ ಗಾಗಲ್. ಕಳೆದ ವರ್ಷ ಕಾರ್ಖಾನೆಯವರೆಲ್ಲ ಸ್ಕೀಯಿಂಗಿಗೆ ಬಂದಾಗ, ರವಾನೆ ವಿಭಾಗದ ಗುಮಾಸ್ತ ಅದನ್ನು ಹಾಕಿಕೊಂಡು ದೊಡ್ಡ ಇಳಿಜಾರನ್ನು ಒಂದೇ ಉಸಿರಿಗೆ ಇಳಿದು, ಕೆಳಗಿನ ಕಾಫಿ ಅಂಗಡಿಯ ಕಟ್ಟೆಗೆ ಢಿಕ್ಕಿ ಹೊಡೆದೇ ನಿಂತಿದ್ದ. ಅಂದಿನಿಂದ ಅವನ ಹೆಸರು ರಾಕೆಟ್. ಆ ಹೆಸರೆಂದರೆ ಅವನಿಗೆ ಪ್ರಾಣ. ಹೆಂಡತಿಯೂ ಒಮ್ಮೊಮ್ಮೆ ಹಾಗೇ ಕರೆಯುತ್ತಿದ್ದಳು, ಆದರೆ ಅವನು ಹಾಲು ಉಕ್ಕಿಸಿದಾಗ ಮಾತ್ರ.

ಈ ವರ್ಷ ಅದೇ ಇಳಿಜಾರಿನಲ್ಲಿ ಮಧ್ಯಾಹ್ನ ಮೂರಕ್ಕೆ ರವಾನೆ ವಿಭಾಗಕ್ಕೂ ಉಗ್ರಾಣ ವಿಭಾಗಕ್ಕೂ ಪಂದ್ಯ. ರವಾನೆಯ ಕಡೆಯಿಂದ ರಾಕೆಟ್. ಉಗ್ರಾಣದಲ್ಲಿ ಯಾರೂ ಮುಂದೆ ಬಾರದೆ ಚೀಟಿ ಎತ್ತಿದರು. ಅದು ಬಿದ್ದದ್ದು ಪುಕ್ಕಲಣ್ಣನ ಪಾಲಿಗೆ. ಆತ ಕಚೇರಿಯ ಮೆಟ್ಟಿಲನ್ನೂ ಎರಡು ಕೈಯಲ್ಲಿ ಕಂಬಿ ಹಿಡಿದೇ ಇಳಿಯುವ ಮನುಷ್ಯ. ರವಾನೆಯವರು ಬೆಳಿಗ್ಗೆಯೇ ಗೆದ್ದವರಂತೆ ಕುಣಿಯತೊಡಗಿದರು.

ಅಷ್ಟರಲ್ಲಿ ರಾಕೆಟ್ ಹಳೆಯ ಗಾಗಲ್ ಹಾಕಿ ನೋಡಿದ. ಎರಡು ಸಲ ಉಸಿರಾಡಿದ್ದೇ ತಡ, ಒಳಗೆಲ್ಲ ಆವಿ ಕಟ್ಟಿತು.

"ಇದನ್ನ ಹಾಕ್ಕೊಂಡ್ರೆ ಈ ಸಲ ಕಾಫಿ ಅಂಗಡಿ ಅಲ್ಲ, ನೇರ ಆಸ್ಪತ್ರೆಗೇ ಹೋಗ್ತೀರಿ. ನಡೀರಿ, ಹೊಸದು ತಗೊಳ್ಳೋಣ," ಎಂದಳು ಹೆಂಡತಿ.

ಅಂಗಡಿಗೆ ಅವರಿಬ್ಬರೇ ಹೋಗಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ವಿಭಾಗದ ಮಾನದ ಪ್ರಶ್ನೆ ನೋಡಿ, ರವಾನೆಯ ಮೇಲ್ವಿಚಾರಕರೂ ಅರ್ಧ ವಿಭಾಗವೂ ಹಿಂದೆಯೇ ನುಗ್ಗಿದರು.

ಅಂಗಡಿಯಾಕೆ ಮೂರು ಶೆಲ್ಫ್ ತೋರಿಸಿದಳು. "ಕೆಳಗಿನದಕ್ಕೆ ಒಂದೇ ಪದರದ ಲೆನ್ಸು, ಬೇಗ ಆವಿ ಕಟ್ಟತ್ತೆ. ಮೇಲಿನ ದುಬಾರಿದು ದಿನಾ ಜಾರೋರಿಗೆ. ವರ್ಷಕ್ಕೊಂದು ಸಲ ಬರೋ ನಿಮಗೆ ಮಧ್ಯದ್ದು ಸಾಕು. ಎರಡು ಪದರದ ಲೆನ್ಸು, ಗಾಳಿಯಾಡೋಕೆ ಕಿಂಡಿ, ಒಳಗೆ ಕನ್ನಡಕಕ್ಕೂ ಜಾಗ ಇದೆ."

"ಕಪ್ಪು ಗಾಜಿಂದು ತಗೊಳ್ಳಯ್ಯ, ಗಂಡಸಿನ ಹಾಗೆ ಕಾಣ್ತೀಯ," ಎಂದರು ಮೇಲ್ವಿಚಾರಕರು.

"ಸಾರ್, ಒಂದ್ಸಲ ಆಕಾಶ ನೋಡಿ. ಈ ಮೋಡಕ್ಕೆ ಕಪ್ಪು ಹಾಕಿದ್ರೆ ಹಳ್ಳ ಯಾವುದು ದಿಣ್ಣೆ ಯಾವುದು ಒಂದೂ ಕಾಣಲ್ಲ. ಗುಲಾಬಿ ಕೊಡಮ್ಮ," ಎಂದಳು ಹೆಂಡತಿ.

"ಗುಲಾಬಿನಾ? ರಾಕೆಟ್ ಗುಲಾಬಿ ಹಾಕ್ಕೊಳ್ಳತ್ತೇನೇ?" ಎಂದು ರಾಕೆಟ್ ಹೆಂಡತಿಯತ್ತ ಮುಖ ಸಿಂಡರಿಸಿದ.

"ಕಣ್ಣು ಕಾಣೋ ರಾಕೆಟ್ ಆದ್ರೆ ಹಾಕ್ಕೊಳ್ಳತ್ತೆ."

ಹೆಲ್ಮೆಟ್ಟಿಗೂ ಗಾಗಲಿಗೂ ನಡುವೆ ಹಣೆ ಕಾಣುತ್ತದೆಯೇ ಎಂದು ಒಬ್ಬ ಬೆರಳು ತೂರಿಸಿ ನೋಡಿದ. ಇನ್ನೊಬ್ಬ ಪಟ್ಟಿ ಬಿಗಿದು ಇವನ ಕಿವಿಯನ್ನೂ ಒಳಗೆ ಸೇರಿಸಿದ. "ಆವಿ ಪರೀಕ್ಷೆ ಮಾಡದೆ ತಗೋಬಾರದು!" ಎಂದು ಮೇಲ್ವಿಚಾರಕರು ಅಂಗಡಿಯಾಕೆಯ ಬಿಸಿ ಕಾಫಿ ಲೋಟದ ಮೇಲೆ ಇವನ ಮುಖ ಬಗ್ಗಿಸಿದರು. ಹಿಂದಿನಿಂದ ಯಾರೋ ನೋಡಲು ನುಗ್ಗಿದರು. ಮೂಗು ನೇರ ಕಾಫಿಯೊಳಕ್ಕೆ. ಮೂಗು ಸುಟ್ಟಿತು, ಆದರೆ ಗಾಜು ಒಂದಿಷ್ಟೂ ಮಸುಕಾಗಲಿಲ್ಲ. ಇಡೀ ಅಂಗಡಿ ಚಪ್ಪಾಳೆ ತಟ್ಟಿತು.

"ಒಳಭಾಗ ಮಾತ್ರ ಒರೆಸಬೇಡಿ, ಆವಿ ತಡೆಯೋ ಲೇಪ ಹೋಗತ್ತೆ," ಎಂದಳು ಅಂಗಡಿಯಾಕೆ. ಹಳೆಯದನ್ನು ಕೊಂಡ ದಿನದಿಂದ ಕರ್ಚೀಫಿನಲ್ಲಿ ಭಕ್ತಿಯಿಂದ ತಿಕ್ಕಿದ್ದ ರಾಕೆಟ್, ಆ ಮಾತು ಬೇರೆ ಯಾರಿಗೋ ಹೇಳಿದ್ದೆಂಬಂತೆ ಚಾವಣಿ ನೋಡಿದ.

ಹೊರಬಂದಾಗ ಪುಕ್ಕಲಣ್ಣ ಬಾಗಿಲಲ್ಲೇ ನಿಂತಿದ್ದ. "ರಾಕೆಟ್ ಸಾರ್, ನನ್ನ ಹತ್ರ ಗಾಗಲೇ ಇಲ್ಲ. ಏನು ಮಾಡ್ಲಿ?"

ರಾಕೆಟ್ ಉದಾರವಾಗಿ ಹಳೆಯದನ್ನು ಅವನ ಕೈಗಿಟ್ಟ. "ತಗೊಳ್ಳಿ, ಇದು ಗೆದ್ದ ಗಾಗಲ್. ಸ್ವಲ್ಪ ಆವಿ ಕಟ್ಟತ್ತೆ, ಅಷ್ಟೆ."

ರವಾನೆಯವರು ಒಬ್ಬರಿಗೊಬ್ಬರು ಕಣ್ಣು ಹೊಡೆದುಕೊಂಡರು.

ಮೂರು ಗಂಟೆ. ತೂಗು ಕುರ್ಚಿಯ ಲಿಫ್ಟು ಇಬ್ಬರನ್ನೂ ತುದಿಗೆ ತಂದು ಇಳಿಸಿತು. ರಾಕೆಟ್ ಹೊಸ ಗಾಗಲನ್ನು ಕಣ್ಣಿಗೆ ಎಳೆದುಕೊಂಡ. ಆಹಾ! ಹಿಮದ ಒಂದೊಂದು ಗೆರೆಯೂ, ದೂರದ ಮರದ ಒಂದೊಂದು ಕೊಂಬೆಯೂ ಕಂಡಿತು. ಖುಷಿಯಿಂದ ಮೈ ಜುಮ್ಮೆಂದಿತು. ಹಾಗೇ ಕೆಳಗೆ ನೋಡಿದ.

ನೆಲವೇ ಇರಲಿಲ್ಲ. ಗೋಡೆಯಂತೆ ಕಡಿದಾಗಿ ಇಳಿದ ಹಿಮ, ಅದರ ಬುಡದಲ್ಲಿ ಬೆಂಕಿಪೊಟ್ಟಣದಷ್ಟು ಕಾಫಿ ಅಂಗಡಿ. ಕಳೆದ ವರ್ಷ ಅವನಿಗೆ ಕಂಡದ್ದು ಬರೀ ಆವಿ. ಇಳಿಜಾರು ಏನೋ ಸಾಧಾರಣದ್ದಿರಬೇಕು ಎಂದುಕೊಂಡೇ ಇಳಿದುಬಿಟ್ಟಿದ್ದ! ಈಗ ಸ್ಕೀ ಕೋಲುಗಳನ್ನು ಹಿಮಕ್ಕೆ ಆಳವಾಗಿ ನೆಟ್ಟು, ಅವನ್ನೇ ಅಪ್ಪಿಕೊಂಡು ನಿಂತ.

ಪಕ್ಕದಲ್ಲಿ ಪುಕ್ಕಲಣ್ಣ ಹೆದರಿಕೆಯಿಂದ ಏದುಸಿರು ಬಿಡುತ್ತಿದ್ದ. ನಾಲ್ಕೇ ಉಸಿರಿಗೆ ಅವನ ಗಾಜು ಹಾಲಿನಂತೆ ಬೆಳ್ಳಗಾಯಿತು.

"ರಾಕೆಟ್ ಸಾರ್," ಎಂದ ಆತ ಬೆರಗಿನಿಂದ, "ಇದು ಮಟ್ಟಸವಾಗೇ ಇದೆಯಲ್ಲ! ನಾನು ಸುಮ್ನೆ ಹೆದರಿದ್ದೆ."

ಶಿಳ್ಳೆ ಮೊಳಗಿತು. ಪುಕ್ಕಲಣ್ಣ ಸಂಜೆ ವಾಕಿಂಗ್ ಹೊರಟವನಂತೆ ಹೆಜ್ಜೆ ತಳ್ಳಿದ. ತಿರುವಿಲ್ಲ, ತಡೆಯಿಲ್ಲ, ನೇರ ಕೆಳಗೆ. ಸ್ವಲ್ಪ ಹೊತ್ತಿಗೆ ಕಾಫಿ ಅಂಗಡಿಯ ಕಡೆಯಿಂದ ಲೋಟಗಳು ಉರುಳಿದ ಸದ್ದು, ಹಿಂದೆಯೇ ಭಾರೀ ಕೇಕೆ.

ರಾಕೆಟ್ ಹಿಂದೆ ಹಿಂದೆ ಸರಿದು ಲಿಫ್ಟಿನ ಕುರ್ಚಿ ಹತ್ತಿದ. ಎರಡು ಕೈಯಲ್ಲೂ ಕಂಬಿ ಹಿಡಿದು ಕೆಳಗಿಳಿದ.

ನೆಲ ಹತ್ತಿರವಾದಂತೆ ಜನ ಕೂಗುವುದು ಕೇಳಿಸಿತು: "ರಾಕೆಟ್! ರಾಕೆಟ್!"

ಅವನ ಕಣ್ಣು ತುಂಬಿ ಬಂತು. ಎಷ್ಟಾದರೂ ನಮ್ಮವರು ಎಂದುಕೊಂಡು, ಒಂದು ಕೈ ಬಿಡಿಸಿ ಎಲ್ಲರತ್ತ ಬೀಸಿದ.

"ಕೈ ಇಳಿಸ್ರೀ," ಎಂದಳು ಕೆಳಗೆ ಕಾದಿದ್ದ ಹೆಂಡತಿ. "ನಿಮ್ಮನ್ನಲ್ಲ."

ಮಧ್ಯದ ಶೆಲ್ಫಿನ ಗಾಗಲ್ ನಿಜಕ್ಕೂ ಒಳ್ಳೆಯ ಮಾಲು. ಮೈಯೆಲ್ಲ ಕಾಫಿಯಾಗಿದ್ದ ಪುಕ್ಕಲಣ್ಣನನ್ನು ಉಗ್ರಾಣದವರು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದುದೂ, ಅವರ ನಡುವೆ ಮೇಲ್ವಿಚಾರಕರು ಚಪ್ಪಾಳೆ ತಟ್ಟುತ್ತಿದ್ದುದೂ ಅದರಲ್ಲಿ ಅವನಿಗೆ ಬಹಳ ಸ್ಪಷ್ಟವಾಗಿ ಕಾಣಿಸಿತು.